ಕಿಡಿ ಕಾರದ ಕಾರು

ಬೆಳಿಗ್ಗೆ ಕಾರು ಅರ್ಧ ದಾರಿಯಲ್ಲಿ ನಿಂತಿತು. ಸಾಹೇಬರು ಹಿಂದಿನ ಸೀಟಿನಲ್ಲಿ ಪೇಪರ್ ಓದುತ್ತ ಕೂತೇ ಇದ್ದರು. ಡ್ರೈವರ್ ಒಂದು ಕೈಯನ್ನು ಕಿಟಕಿಯೊಳಗೆ ತೂರಿಸಿ ಸ್ಟೀರಿಂಗ್ ಹಿಡಿದು, ಹೆಗಲನ್ನು ಬಾಗಿಲಿಗೆ ಕೊಟ್ಟು, ಒಬ್ಬನೇ ಅದನ್ನು ಕಚೇರಿಯ ಗೇಟಿನವರೆಗೆ ತಳ್ಳಿಕೊಂಡು ಬಂದ. ಇಳಿದ ಸಾಹೇಬರು ಬಾಗಿಲ ಮೇಲೆ ಅವನ ಬೆವರಿನ ಗುರುತು ಬಿದ್ದಿರುವುದನ್ನು ಕಂಡು, ಒರೆಸಲು ಹೇಳಿದರು.

ಪ್ಲಗ್ ವಯರುಗಳು ಬಿರುಕು ಬಿಟ್ಟಿವೆ, ಇಂಜಿನ್ನಿಗೆ ಕಿಡಿ ಹೋಗುತ್ತಿಲ್ಲ, ಬದಲಿಸಬೇಕು ಎಂದು ಅವನು ಹೇಳುತ್ತಲೇ ಬಂದಿದ್ದ. ಸಾಹೇಬರು ನೋಡೋಣ ಎನ್ನುತ್ತಲೇ ಬಂದಿದ್ದರು. ಇವತ್ತು ಮಾತ್ರ, ಕಾರು ಕಾರದ ಕಿಡಿಯನ್ನೆಲ್ಲ ಅವರೇ ಕಾರಿದರು.

"ಸಂಜೆ ಮುಖ್ಯ ಕಚೇರೀಲಿ ಮೀಟಿಂಗ್ ಇದೆ. ಕಾರು ಹೊರಟ್ರೆ ನಿನ್ನ ಕಾಯಂ ವಿಷಯ ಅಲ್ಲಿ ಎತ್ತುತೀನಿ. ಹೊರಡಲಿಲ್ಲ ಅಂದ್ರೆ ಕೀ ಟೇಬಲ್ ಮೇಲಿಟ್ಟು ಮನೆಗೆ ಹೋಗು."

ಡ್ರೈವರ್ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ. ಮನೆಯಿಂದ ಹೊರಡುವಾಗ ಹೆಂಡತಿ ಹೇಳಿದ್ದು ಅದೊಂದನ್ನೇ: ಇವತ್ತೊಂದಿನ ಬಾಯಿ ಮುಚ್ಕೊಂಡಿರಿ. ಅವನ ಕೆಲಸ ಎಷ್ಟು ವರ್ಷದಿಂದ ತಾತ್ಕಾಲಿಕವಾಗಿತ್ತೆಂದರೆ, ಅವನು ಸೇರಿದ ಮೇಲೆ ಬಂದ ಗೇಟಿನ ನಾಯಿಗೂ ಮೆಟ್ಟಿಲ ಕೆಳಗೆ ಒಂದು ಕಾಯಂ ಜಾಗ ಸಿಕ್ಕಿತ್ತು.

ಸಾಹೇಬರ ಮೇಲೆ ತೋರಿಸಲಾಗದ ಸಿಟ್ಟನ್ನು ಬಾನೆಟ್ ಎತ್ತಿ ತೋರಿಸಿದ. ನಾಲ್ಕೂ ವಯರುಗಳನ್ನು ಯಾರದೋ ಜುಟ್ಟು ಹಿಡಿದಂತೆ ಒಟ್ಟಿಗೆ ಹಿಡಿದು ಕಿತ್ತ. ಕೈಗೆ ಬಂದ ಮೇಲೆ ನೆನಪಾಯಿತು, ಯಾವುದು ಎಲ್ಲಿತ್ತೆಂದು ನೋಡಿಕೊಂಡಿರಲಿಲ್ಲ.

ಆ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಮತ್ತು ಸ್ಟೋರ್‌ಕೀಪರ್ ಕಣ್ಣಾರೆ ನೋಡಿ ಒಪ್ಪದೆ ಒಂದು ಗುಂಡುಸೂಜಿಯನ್ನೂ ಕೊಳ್ಳುವಂತಿರಲಿಲ್ಲ. ಸ್ಟೋರ್‌ಕೀಪರ್‌ಗೆ ಎಲ್ಲರೂ ಇಟ್ಟ ಹೆಸರು 'ಆಮೇಲೆ'. ಯಾರು ಏನು ಕೇಳಿದರೂ ಅವರ ಉತ್ತರ ಅದೇ. ಆದರೆ ಪ್ಲಗ್ ವಯರ್ ಎಂದ ಕೂಡಲೇ, ಹುಟ್ಟಿದ ಮೇಲೆ ಮೊದಲ ಸಲ ಎಂಬಂತೆ, ಎದ್ದುಹೋಗಿ ಇಸ್ತ್ರಿಪೆಟ್ಟಿಗೆಯ ವಯರೊಂದನ್ನು ತಂದು ಮೇಜಿನ ಮೇಲೆ ಹಾಕಿದರು.

"ಪ್ಲಗ್ಗೂ ಇದೆ, ವಯರೂ ಇದೆ. ಇನ್ನೇನು ಬೇಕಯ್ಯ ನಿಂಗೆ?"

ಇದು ಗೋಡೆಗೆ ಚುಚ್ಚುವುದು, ಕಾರಿಗಲ್ಲ ಎಂದು ಒಪ್ಪಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಮೂವರೂ ಬಿಡಿಭಾಗದ ಅಂಗಡಿಗೆ ನಡೆದೇ ಹೋದರು. ಡ್ರೈವರನ ಕೈಯಲ್ಲಿ ಹಳೆಯ ವಯರುಗಳು ಸತ್ತ ಹಾವುಗಳ ಹಾಗೆ ನೇತಾಡುತ್ತಿದ್ದವು.

ಅಂಗಡಿಯಾಕೆ ಮೂರು ಬಗೆ ತೆಗೆದಿಟ್ಟಳು. ಆನೆ ಕಟ್ಟುವ ಹಗ್ಗದಂಥ ಕೆಂಪು ವಯರಿಗೆ 'ಆಮೇಲೆ' ಮರುಳಾದರು; ಅದರ ತುದಿಯ ರಬ್ಬರ್ ಟೋಪಿಗಳು ಈ ಇಂಜಿನ್ನಿಗೆ ಕೂರುವುದಿಲ್ಲ ಎಂದರೂ ಸವರುತ್ತಲೇ ಇದ್ದರು. ಹೆಡ್‌ಕ್ಲಾರ್ಕ್ ಆರಿಸಿದ್ದು ನಾಲ್ಕೂ ಒಂದೇ ಅಳತೆಯ ನೀಲಿ ವಯರು. ಅದರಲ್ಲಿ ಎರಡು ಪ್ಲಗ್ಗಿನವರೆಗೆ ಮುಟ್ಟುವುದೇ ಇಲ್ಲ, ಉಳಿದೆರಡು ಫ್ಯಾನಿಗೆ ಸುತ್ತಿಕೊಳ್ಳುತ್ತವೆ ಎಂದು ಡ್ರೈವರ್ ಹಲ್ಲು ಕಡಿಯುತ್ತ ವಿವರಿಸಿದ. ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ ಉದ್ದ, ದಪ್ಪ, ಎರಡೂ ತುದಿಯ ರಬ್ಬರ್ ಟೋಪಿ, ಎಲ್ಲವೂ ಸರಿಹೊಂದಿದ್ದು ಮೂರನೆಯ ಕಪ್ಪು ವಯರು ಮಾತ್ರ. ಹೆಡ್‌ಕ್ಲಾರ್ಕ್ ತಲೆ ಅಲ್ಲಾಡಿಸಿದರು.

"ಒಂದೇ ಡಬ್ಬೀಲಿ ನಾಲ್ಕು ವಯರು, ನಾಲ್ಕಕ್ಕೂ ನಾಲ್ಕು ಉದ್ದ. ಆಡಿಟ್‌ನೋರು ಕೇಳಿದ್ರೆ ಏನು ಹೇಳಲಿ?"

"ನಿಮ್ಮ ಕೈಬೆರಳು ಒಂದೇ ಸಮ ಇದಾವಾ ಸಾರ್?" ಎಂದಳು ಅಂಗಡಿಯಾಕೆ.

ಹೆಡ್‌ಕ್ಲಾರ್ಕ್ ತಮ್ಮ ಬೆರಳುಗಳನ್ನು, ಯಾರೋ ಮಂಜೂರಾತಿಯಿಲ್ಲದೆ ಕೊಟ್ಟುಬಿಟ್ಟಿದ್ದಾರೆ ಎಂಬಂತೆ ನೋಡಿಕೊಂಡರು. ಕೊನೆಗೆ ಅವರನ್ನು ಒಲಿಸಿದ್ದು ಡ್ರೈವರನ ವಾದವಲ್ಲ. ಕಪ್ಪು ವಯರುಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಅಚ್ಚಾಗಿತ್ತು. ಕ್ರಮಸಂಖ್ಯೆ ಇದೆಯಲ್ಲ, ಇದೇ ಇರಲಿ ಎಂದರು.

ಅಂಗಡಿಯಾಕೆ ಕಿತ್ತುಹೋದ ಹಳೆಯ ವಯರನ್ನು ತಿರುಗಿಸಿ ನೋಡಿ ಡ್ರೈವರನನ್ನು ಗದರಿದಳು. "ಕೊರಳು ಹಿಡಿದು ಎಳೆದಿದೀರಲ್ಲ ಅಣ್ಣಾ. ಟೋಪಿ ಹಿಡಿದು ಬಿಡಿಸಬೇಕು. ಒಳಗಿನ ಎಳೆ ತುಂಡಾದ್ರೆ ಹೊರಗೆ ಗೊತ್ತೇ ಆಗಲ್ಲ. ಇದೂ ಹಾಳು ಮಾಡ್ಕೊಂಡು ಬರಬೇಡಿ, ನನ್ನ ಹತ್ರ ಇನ್ನೊಂದಿಲ್ಲ."

ತಪ್ಪು ತನ್ನದೇ ಆಗಿದ್ದರಿಂದ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಕಚೇರಿಯ ಅಂಗಳದಲ್ಲಿ ಇಂಜಿನ್ನಿನ ಜಿಡ್ಡು ಕೆರೆದಾಗ ಕಿಡಿ ಹೋಗುವ ವರಸೆ ಕಂಡಿತು, ಕಬ್ಬಿಣದಲ್ಲೇ ಎರಕ ಹೊಯ್ದಿದ್ದರು: ಒಂದು, ಮೂರು, ನಾಲ್ಕು, ಎರಡು. ಡ್ರೈವರ್ ನಿರಾಳವಾಗಿ ಉಸಿರು ಬಿಟ್ಟ. ಅವನ ಬೆನ್ನ ಹಿಂದೆ ಬಗ್ಗಿ ಓದಿದ ಹೆಡ್‌ಕ್ಲಾರ್ಕ್ ಮುಖ ಮಾತ್ರ ಕಪ್ಪಿಟ್ಟಿತು.

ಅವರು ಕಚೇರಿಯ ಹಿರಿತನದ ಪಟ್ಟಿಯಲ್ಲಿ ಎರಡನೆಯವರು. ಮೊದಲನೆಯವರಿಗೆ ಬಡ್ತಿಯಾಯಿತು. ಆಮೇಲೆ ಮೂರನೆಯವರಿಗಾಯಿತು. ಆಮೇಲೆ ನಾಲ್ಕನೆಯವರಿಗೂ ಆಯಿತು. ಎರಡನೆಯವರು ಅದೇ ಕುರ್ಚಿಯಲ್ಲಿ, ಅದೇ ಫ್ಯಾನಿನ ಕೆಳಗೆ ಉಳಿದರು.

"ಇದು ಅಚ್ಚಿನ ತಪ್ಪು ಕಣಯ್ಯ."

"ಇಲ್ಲ ಸಾರ್. ಇಂಜಿನ್ ನಡೆಯೋದೇ ಹಂಗೆ."

"ಮೂರೂ ನಾಲ್ಕೂ ಮುಂದೆ ಹೋಗ್ಲಿ, ಎರಡು ಕೊನೇಲಿರಲಿ ಅಂತ ಯಾರು ತೀರ್ಮಾನ ಮಾಡಿದ್ದು? ಎರಡು ಏನು ತಪ್ಪು ಮಾಡಿತ್ತು?"

ಡ್ರೈವರ್ ಮತ್ತೆ ಇಂಜಿನ್ನಿಗೆ ಬಗ್ಗಿದ. ಕಿಡಿ ಹಂಚುವ ಡಬ್ಬಿಯ ಸುತ್ತ ಅದೇ ವರಸೆಯಲ್ಲಿ ವಯರುಗಳನ್ನು ಕೂರಿಸಿ ಕೀ ತಿರುಗಿಸಿದ. ಕಾರು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಇಂಜಿನ್ ಆರಿಸಿ, ಕೈ ತೊಳೆದು, ಸಾಹೇಬರಿಗೆ ಸುದ್ದಿ ಮುಟ್ಟಿಸಲು ಮೇಲೆ ಹೋದ. ಸಾಹೇಬರು ಚಹಾ ಮುಗಿಸುವವರೆಗೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ನಿನ್ನ ವಿಷಯ ಎತ್ತುತೀನಿ ಎತ್ತುತೀನಿ ಎಂದರು. ಅವನು ಮೆಟ್ಟಿಲು ಇಳಿಯುತ್ತಲೇ ಹೆಂಡತಿಗೆ ಫೋನ್ ಮಾಡಿದ. ಆಕೆ ಕೇಳಿದ್ದು ಒಂದೇ, ಬಾಯಿ ಮುಚ್ಕೊಂಡಿದ್ರಾ ಎಂದು. ಇದ್ದೆ ಎಂದ, ಹೆಮ್ಮೆಯಿಂದ.

ಸಾಹೇಬರು ಬಂದು ಕೂತರು. ಹೆಡ್‌ಕ್ಲಾರ್ಕೂ 'ಆಮೇಲೆ'ಯೂ ನೋಡಲು ಪಕ್ಕದಲ್ಲಿ ನಿಂತರು. ಡ್ರೈವರ್ ಕೀ ತಿರುಗಿಸಿದ.

ಬಾಂಬು ಬಿದ್ದಂಥ ಸದ್ದಾಯಿತು. ಮಾಡಿನ ಪಾರಿವಾಳಗಳೆಲ್ಲ ಎದ್ದವು, ನಾಯಿ ತನ್ನ ಕಾಯಂ ಜಾಗ ಬಿಟ್ಟು ಓಡಿತು. ಹಿಂದಿನಿಂದ ಕರಿ ಹೊಗೆ ಬಂತು. ಇನ್ನೊಮ್ಮೆ ಢಮ್ ಎಂದು ಕಾರು ಸುಮ್ಮನಾಯಿತು.

ಬಾನೆಟ್ ಎತ್ತಿದರೆ, ವಯರುಗಳು ಡಬ್ಬಿಯ ಸುತ್ತ ಪ್ರಾರ್ಥನೆಗೆ ನಿಂತ ಶಾಲೆಮಕ್ಕಳಂತೆ ಶಿಸ್ತಾಗಿದ್ದವು: ಒಂದು, ಎರಡು, ಮೂರು, ನಾಲ್ಕು. ಇಂಜಿನ್ನಿನ ಮೇಲಿನ ಅಂಕಿಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ, ಕೆಳಗೆ ಚಿಕ್ಕದಾಗಿ ಸಹಿ ಹಾಕಲಾಗಿತ್ತು.

"ನಾನೇ ಸರಿಮಾಡಿದೆ," ಎಂದರು ಹೆಡ್‌ಕ್ಲಾರ್ಕ್. ಇಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಯಾರೂ ಕಂಡಿರಲಿಲ್ಲ. "ಬಿಗಿಯಾಗಿದ್ದವು. ಕೊರಳು ಹಿಡಿದು ಚೆನ್ನಾಗಿ ಎಳೀಬೇಕಾಯ್ತು."

ಡ್ರೈವರ್ ಟೋಪಿ ಹಿಡಿದು ಒಂದೊಂದನ್ನೇ ಬಿಡಿಸಿದ. ಎರಡು, ಮೂರು, ನಾಲ್ಕು, ಮೂರೂ ಕೊರಳ ಬಳಿ ಒಳಗಿನ ಎಳೆ ತುಂಡಾಗಿ ಜೋತುಬಿದ್ದವು. ಅಂಗಡಿಯಲ್ಲಿ ಇನ್ನೊಂದಿಲ್ಲ.

ಸಾಹೇಬರು ಇಳಿಯಲಿಲ್ಲ. ಹೆಡ್‌ಕ್ಲಾರ್ಕಿಗೆ ಒಂದು ಮಾತನ್ನೂ ಅನ್ನಲಿಲ್ಲ. ಗಾಜನ್ನು ಅರ್ಧ ಇಳಿಸಿದರು.

"ಮೇನ್ ರೋಡಿನವರೆಗೆ ತಳ್ಳು. ಅಲ್ಲಿ ಟ್ಯಾಕ್ಸಿ ಹಿಡೀತೀನಿ. ತಳ್ಳಿಯಾದ ಮೇಲೆ ಕೀ ತಂದು ಟೇಬಲ್ ಮೇಲಿಡು."

ಮೇನ್ ರೋಡು ಗೇಟಿನಾಚೆ ಕಾಣುತ್ತಿತ್ತು. ಡ್ರೈವರ್ ಅದನ್ನು ನೋಡಿದ. ಸಾಹೇಬರ ಪಾಲಿಶ್ ಮಾಡಿದ ಬೂಟನ್ನು ನೋಡಿದ. ಬೆಳಿಗ್ಗೆಯಿಂದ ಮುಚ್ಚಿಕೊಂಡಿದ್ದ ಬಾಯಿ ಬಿಟ್ಟ.

"ವರಸೆ ಪ್ರಕಾರವೇ ಹೋಗೋಣ ಸಾರ್. ಒಂದು, ನೀವು. ಎರಡು, ಇವರು. ಮೂರು, ನಮ್ಮ 'ಆಮೇಲೆ' ಸಾರ್. ಮೂವರೂ ಇಲ್ಲೇ ಇದೀರಿ." ಬಾನೆಟ್ ಮುಚ್ಚಿ, ಅದರ ಮೇಲೆ ಹತ್ತಿ ಕೂತ. "ನಾನು ತಾತ್ಕಾಲಿಕ, ನಂಗೆ ನಂಬರೇ ಕೊಟ್ಟಿಲ್ಲ. ನಾನು ತಳ್ಳೋದಿಲ್ಲ."