ವಿಮಾನಕ್ಕೆ ಟವೆಲ್ ಹಾಕುವುದು ಹೇಗೆ?

ನಮ್ಮ ಸೋದರಮಾವನಿಗೆ ವಿಮಾನದ ಮೇಲೆ ಪೂರ್ತಿ ನಂಬಿಕೆಯಿದೆ. ಅನುಮಾನವೆಲ್ಲ ಅದನ್ನು ಓಡಿಸುವವನ ಮೇಲೆ! ಇರದೆ ಇನ್ನೇನು? ಹರಪನಹಳ್ಳಿಯಿಂದ ಕೊಟ್ಟೂರು, ಕೂಡ್ಲಿಗಿ ದಾರಿಯಲ್ಲಿ ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಬೇರೆ ಡ್ರೈವರ್ ಗೇರ್ ಬದಲಿಸಿದ ಸದ್ದು ಕೇಳಿದರೆ ಸಾಕು, ಮುಖ ಹುಳಿಹುಳಿಯಾಗುತ್ತದೆ.

ಇಂಥವರಿಗೆ ನಾರ್ವೆಯ ಬರ್ಗೆನ್ ಎಂಬ ಊರಿನ ಹುಚ್ಚು ಹತ್ತಿಸಿದ್ದು ಮೊಬೈಲು. ಬೆಟ್ಟದ ಬುಡದಲ್ಲೇ ಸಮುದ್ರ, ದಡದಲ್ಲಿ ಬಣ್ಣಬಣ್ಣದ ಮರದ ಮನೆಗಳು. ಅದನ್ನೆಲ್ಲ ನೋಡುವವರು ನೋಡಲಿ. ಮಾವ ನೋಡಿದ್ದು ಪ್ರಯಾಣಿಕರ ಸಮೇತ ಹಡಗು ಹತ್ತಿ ನಿಂತ ಒಂದು ಬಸ್ಸನ್ನು!

"ಲೇ, ನೀರಿನ ಮ್ಯಾಲೆ ಹೋಗುವಾಗ ಆ ಡ್ರೈವರ್ ಏನ್ ಮಾಡ್ತಾನ?" ಎಂದು ನನ್ನನ್ನು ಕೇಳಿದರು. ಚಹಾ ಕುಡಿಯುತ್ತಾನೇನೋ ಎಂದೆ. ಹಾದಿಯಲ್ಲಿ ಸ್ಟೇರಿಂಗ್ ಬಿಟ್ಟು ಚಹಾವೇ? ಅವತ್ತು ಅವರಿಗೆ ಊಟ ಸೇರಲಿಲ್ಲ. ಹೋಗಿ ನೋಡಿಯೇ ಬರುವುದೆಂದು ತೀರ್ಮಾನವಾಯಿತು, ಅತ್ತೆಯನ್ನೂ ಕರೆದುಕೊಂಡು. ಆಕಳಿಗೆ ಮೇವು ಹಾಕುವವರು ಯಾರು ಎಂದಷ್ಟೇ ಅತ್ತೆ ಕೇಳಿದರು.

ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ! ವಿಮಾನದ ಸ್ಟೆಪ್ನಿ ಎಲ್ಲಿರುತ್ತದೆ? ಎದುರಿಗೆ ಇನ್ನೊಂದು ಬಂದರೆ ಸೈಡ್ ಕೊಡುವವರು ಯಾರು? ಚಕ್ರಕ್ಕೆ ನಿಂಬೆಹಣ್ಣು ಇಡಲು ನಮ್ಮನ್ನು ಹತ್ತಿರ ಬಿಡುತ್ತಾರೋ ಇಲ್ಲವೋ? ಎಲ್ಲಕ್ಕಿಂತ ದೊಡ್ಡ ಚಿಂತೆ ಸೀಟಿನದು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದರೆ ಸೀಟು ನಮ್ಮದು. ಅದನ್ನು ಸರಿಸಿ ಕೂರುವ ಧೈರ್ಯ ಯಾರಿಗೂ ಇಲ್ಲ. ವಿಮಾನದ ಕಿಟಕಿ ತೆರೆಯುವುದೇ ಇಲ್ಲ ಎಂದಾಗ ಮಾವ ನಿಜಕ್ಕೂ ಗಾಬರಿಯಾದರು.

"ಮತ್ತ ಟವೆಲ್ ಎಲ್ಲಿಂದ ಹಾಕೋದು?"

ಮೂವರೂ ದಾವಣಗೆರೆಯ ಟಿಕೆಟ್ ಏಜೆಂಟರ ಹತ್ತಿರ ಹೊರಟೆವು. ಬಸ್ಸಿನಲ್ಲಿ ಮಾವ ಎಂದಿನಂತೆ ಡ್ರೈವರ್ ಪಕ್ಕದ ಬಾನೆಟ್ ಮೇಲೆ, ತಪ್ಪು ಹುಡುಕುತ್ತಾ. ಅತ್ತೆ ಹೆಂಗಸರ ಸೀಟಿನಲ್ಲಿ.

ಏಜೆಂಟರು ಎರಡು ದಾರಿ ಹೇಳಿದರು. ಒಂದು, ದುಬೈನಲ್ಲಿ ಇಳಿದು ಕಾಲು ಚಾಚಿ ಮತ್ತೆ ಹತ್ತುವುದು. ಇನ್ನೊಂದು, ಬೆಂಗಳೂರಿನಿಂದ ಜರ್ಮನಿಯವರೆಗೆ ಎಲ್ಲೂ ಇಳಿಯದೆ ಕೂತು, ಅಲ್ಲಿಂದ ಬರ್ಗೆನ್‌ಗೆ ಸಣ್ಣ ವಿಮಾನ ಹತ್ತುವುದು. ಕೊಟ್ಟೂರು ಮುಟ್ಟುವುದರೊಳಗೆ ಚಹಾಕ್ಕೆಂದು ಬಸ್ಸು ನಿಲ್ಲಿಸುತ್ತಿದ್ದ ಮನುಷ್ಯ, ಎಲ್ಲೂ ಇಳಿಯದ್ದೇ ಇರಲಿ ಎಂದುಬಿಟ್ಟರು! ನಾನು ಅವರ ಮುಖವನ್ನೇ ನೋಡಿದೆ.

ಮಾವನ ಕಸುಬು ಗೊತ್ತಾಗಿ ಏಜೆಂಟರಿಗೆ ಹುರುಪು ಬಂತು. ಪೈಲಟ್ ಕೋಣೆಗೆ ಹತ್ತಿರದ ಸಾಲಿನಲ್ಲಿ ಮಾವನಿಗೊಂದು ಸೀಟು ಹುಡುಕಿದರು. ಅತ್ತೆಗೆ ಹಿಂದೆಲ್ಲೋ ಒಂದು. ಕುಣಿದಾಡಬೇಕಿದ್ದ ಮಾವ ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹಾಕಿ, ಅದು ಬೇಡ, ಎರಡೂ ಒಟ್ಟಿಗಿರಲಿ ಎಂದರು. ಜೋಡಿ ಸೀಟು ಉಳಿದಿರುವುದು ಕಟ್ಟಕಡೆಗೆ, ಶೌಚಾಲಯದ ಪಕ್ಕದಲ್ಲಿ ಮಾತ್ರ, ಅದನ್ನು ಯಾರೂ ಕೇಳುವುದಿಲ್ಲ ಎಂದು ಏಜೆಂಟರು ಮುಖ ಸಿಂಡರಿಸಿದರು.

"ಅದನ್ನ ಕೊಡ್ರಿ," ಎಂದರು ಮಾವ. "ಮದುವಿ ಆದಾಗಿಂದ ಈಕಿ ನನ್ನ ಬಸ್ಸಿನಾಗ ಹಿಂದ ಕುಂತು ಬರೀ ನನ್ನ ಬೆನ್ನು ನೋಡ್ಯಾಳ್ರಿ. ಬಾಜೂಕ ಕುಂತು ಒಂದೂರಿಗೂ ಹೋಗಿಲ್ಲ. ಇದೊಂದ್ಸಲ ಜೋಡಿ ಕುಂದ್ರತೀವಿ. ನಡುವ ಇಳಿಸಬ್ಯಾಡ್ರಿ."

ನಗಲು ತೆರೆದಿದ್ದ ಬಾಯಿಯನ್ನು ನಾನು ಮುಚ್ಚಿಕೊಂಡೆ. ಅತ್ತೆ ಸೆರಗು ಸರಿಮಾಡಿಕೊಂಡು ಗೋಡೆಯ ಮೇಲಿನ ಭೂಪಟ ನೋಡುತ್ತಾ ಕೂತರು. ಟಿಕೆಟ್ ಆಯಿತು. ಮಾವ ಮೇಜಿನ ಮೇಲೆ ಮರೆತ ಟವೆಲನ್ನು ಅತ್ತೆಯೇ ಎತ್ತಿಕೊಂಡರು.

ವಾಪಸ್ಸು ಬರುವ ಬಸ್ಸಿನ ಡ್ರೈವರ್ ಗುರುತು ಹಿಡಿದು, ಮುಂದೆ ಬರ್ರಿ ಗುರುಗಳೇ ಎಂದು ಕರೆದ. ಮಾವ ಹಳೆಯ ಚಟಕ್ಕೆ ಬಾನೆಟ್ ಕಡೆ ನಡೆದೇಬಿಟ್ಟಿದ್ದರು. ಅಷ್ಟರಲ್ಲಿ ಅತ್ತೆ ತಮ್ಮ ಪಕ್ಕದ ಸೀಟಿನ ಮೇಲೆ ಆ ಟವೆಲ್ ಹಾಕಿದರು.

"ಅಲ್ಲೀತನಕ ಯಾಕ ಕಾಯಬೇಕ್ರಿ? ಬರ್ರಿ, ಕುಂದರ್ರಿ."