ಕಂಬಕ್ಕೆ ಆಲ್ಟರೇಷನ್ ಮಾಡಿಸಹೊರಟ ಅಳಿಯಂದಿರಿಗೆ

ಮಾನ್ಯ ಕಾರ್ಯದರ್ಶಿಗಳೇ,

ನಿವಾಸಿಗಳ ಸಂಘದ ಭಾರವನ್ನೆಲ್ಲ ಒಬ್ಬರೇ ಹೊತ್ತುಕೊಂಡು, ಅದರ ನಡುವೆಯೂ ಲಿಫ್ಟಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳಲು ಬಿಡುವು ಮಾಡಿಕೊಳ್ಳುವ ತಮ್ಮ ಸನ್ನಿಧಾನಕ್ಕೆ ಮೂರನೇ ಮಹಡಿಯ ನಿವಾಸಿಯ ಸವಿನಯ ವಂದನೆಗಳು. ಬಾಯಿಮಾತಿನ ದೂರನ್ನು ಸ್ವೀಕರಿಸಲಾಗದು, ಬರೆದೇ ಕೊಡಬೇಕು ಎಂದು ಮೊನ್ನೆ ಊಟಕ್ಕೆ ಕೂತಾಗ ತಾವು ಅಪ್ಪಣೆ ಕೊಡಿಸಿದ್ದರಿಂದ ಬರೆದಿದ್ದೇನೆ. ಬರೆದ ಮೇಲೆ ನಾಲ್ಕು ಜನ ಓದಲಿ ಎಂದು ಲಿಫ್ಟಿನ ಪಕ್ಕದ ಫಲಕಕ್ಕೇ ಅಂಟಿಸಿದ್ದೇನೆ.

ನನ್ನ ದೂರು ಎರಡನೇ ಮಹಡಿಯ ಮಾಲೀಕರ ಮೇಲೆ. ಅವರು ನನ್ನ ಅಳಿಯ. ತಾವೂ ನನ್ನ ಅಳಿಯ. ನನಗಿರುವುದು ಒಬ್ಬಳೇ ಮಗಳು. ಆದ್ದರಿಂದ ಅವರಿಗೆ ಬುದ್ಧಿ ಹೇಳಲು ತಾವು ಬಹಳ ದೂರ ನಡೆಯಬೇಕಾಗಿಲ್ಲ, ಮೇಲೆ ಹೇಳಿದ ಕನ್ನಡಿಯ ಮುಂದೆ ನಿಂತರೆ ಸಾಕು.

ಆ ಮಹಾನುಭಾವರು ಮನೆಯನ್ನು ನವೀಕರಿಸುತ್ತಿದ್ದಾರೆ. ನವೀಕರಿಸಲಿ, ಯಾರು ಬೇಡ ಅಂದರು? ಬಚ್ಚಲಿನ ಟೈಲ್ಸ್ ಕಿತ್ತಾಗ ನಾವು ಕಿವಿಗೆ ಹತ್ತಿ ಇಟ್ಟುಕೊಂಡೆವು, ಮರಳಿನ ಮೂಟೆಗಳು ಮೆಟ್ಟಿಲ ಮೇಲೆ ಬೀಡುಬಿಟ್ಟಾಗ ಪಕ್ಕಕ್ಕೆ ತಿರುಗಿ ಹತ್ತುವುದನ್ನು ಕಲಿತೆವು, ಅನ್ನದಲ್ಲಿ ಸಿಮೆಂಟಿನ ಧೂಳು ಸಿಕ್ಕಾಗ ಮೂಳೆಗೆ ಒಳ್ಳೆಯದೆಂದು ನುಂಗಿಕೊಂಡೆವು. ಆದರೆ ಈಗ ಅವರ ಕಣ್ಣು ಹಾಲ್‌ನ ನಡುವಿನ ಕಂಬದ ಮೇಲೆ ಬಿದ್ದಿದೆ. ಹೊಸದಾಗಿ ತಂದ ಟೀವಿ ಗೋಡೆಯಷ್ಟಗಲ ಇದೆಯಂತೆ, ಸೋಫಾದ ಎಡತುದಿಯಲ್ಲಿ ಕೂತವರಿಗೆ ಕಂಬ ಅಡ್ಡ ಬಂದು ಅರ್ಧವೇ ಕಾಣುತ್ತದಂತೆ. ಆ ಎಡತುದಿ ನಾನು ಬಂದಾಗ ಕೂರುವ ಜಾಗ. “ಅಮ್ಮ, ನಿನಗೋಸ್ಕರಾನೇ ಒಡೆಸ್ತಿರೋದಂತೆ, ಸುಮ್ನೆ ಇರು” ಎಂದು ಮಗಳು ನನ್ನ ಬಾಯಿ ಮುಚ್ಚಿಸಿದಳು. ಅತ್ತೆಯ ಮನರಂಜನೆಗಾಗಿ ಅತ್ತೆಯ ಮನೆಯನ್ನೇ ಬೀಳಿಸಲು ಮುಂದಾದ ಅಳಿಯನನ್ನು ಪಡೆದ ಪುಣ್ಯವಂತೆ ನಾನೊಬ್ಬಳೇ ಇರಬೇಕು.

ಕೆಲಸದ ಮೇಸ್ತ್ರಿಯನ್ನೂ ಕೇಳಿದೆ. “ಏನೂ ಆಗಲ್ಲ ಅಮ್ಮ, ಇಂಥವು ಎಷ್ಟೋ ತೆಗೆದಿದ್ದೀವಿ” ಎಂದ. ಆ ಕಟ್ಟಡಗಳು ಈಗ ಹೇಗಿವೆಯಪ್ಪಾ ಎಂದರೆ, “ಮತ್ತೆ ಆ ಕಡೆ ಹೋಗಿಲ್ಲ” ಎಂದ. ಬಹಳ ಧೈರ್ಯ ಬಂತು. ಹೊಲಿಗೆ ಅಂಗಡಿ ನಡೆಸಿ ಕಣ್ಣು ಕಳೆದುಕೊಂಡವಳು ನಾನು. ಪ್ಯಾಂಟು ಬಿಗಿಯಾದರೆ ಬಿಚ್ಚಿ ಸಡಿಲ ಮಾಡಬಹುದು, ಉದ್ದವಾದರೆ ಮಡಿಸಬಹುದು, ಆದರೆ ಕಂಬಕ್ಕೆ ಆಲ್ಟರೇಷನ್ ಮಾಡಿದ್ದನ್ನು ಕಂಡಿಲ್ಲ, ಕೇಳಿಲ್ಲ.

ಇಲ್ಲಿ ತಮ್ಮ ಕಟ್ಟುನಿಟ್ಟನ್ನು ಹೊಗಳಲೇಬೇಕು. ಹೋದ ವರ್ಷ ನನ್ನ ಯಜಮಾನರು ತೀರಿಕೊಂಡ ಮೇಲೆ ಅವರ ಫೋಟೋ ತೂಗುಹಾಕಲು ಒಂದು ಮೊಳೆ ಹೊಡೆಯಹೊರಟಿದ್ದೆ. ಎರಡು ಏಟು ಬಿದ್ದಿತ್ತೋ ಇಲ್ಲವೋ, ತಾವು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, “ಅತ್ತೆ, ಮಧ್ಯಾಹ್ನ ವಿಶ್ರಾಂತಿ ಹೊತ್ತಲ್ಲಿ ಶಬ್ದ ಮಾಡೋ ಹಾಗಿಲ್ಲ, ನಿಯಮ ಎಲ್ಲರಿಗೂ ಒಂದೇ” ಎಂದು ಸುತ್ತಿಗೆಯನ್ನೇ ತೆಗೆದುಕೊಂಡು ಹೋದಿರಿ. ಸುಳ್ಳೇಕೆ ಹೇಳಲಿ, ಆ ದಿನ ಅತ್ತುಬಿಟ್ಟೆ. ಅಂದಿನಿಂದ ಯಜಮಾನರು ಫ್ರಿಜ್ಜಿನ ಮೇಲೆ ಗೋಡೆಗೊರಗಿ ಕೂತಿದ್ದಾರೆ. ಮೊನ್ನೆ ತಮ್ಮ ಮನೆಯಲ್ಲಿ ಡ್ರಿಲ್ ಶುರುವಾಗಿದ್ದೇ ತಡ, ನಡುಗುತ್ತ ನಡುಗುತ್ತ ಅಂಚಿಗೆ ಬಂದು ಮುಗ್ಗರಿಸಿದರು. ನಾನು ಎರಡೂ ಕೈಯಲ್ಲಿ ಹಿಡಿಯದಿದ್ದರೆ ಪಾಪ, ಎರಡನೇ ಸಲ ಹೋಗಿಬಿಡುತ್ತಿದ್ದರು. ಅಡುಗೆಮನೆಯ ಗೋಡೆಯಲ್ಲಿ ಬಿರುಕೂ ಬಿಟ್ಟಿದೆ.

ಕಂಬ ಕೀಳಲೇಬೇಕೆಂದಿದ್ದರೆ, ತಾವೇ ಸಹಿ ಹಾಕಿ ಇದೇ ಫಲಕಕ್ಕೆ ಅಂಟಿಸಿರುವ ನಿಯಮಗಳ ಪ್ರಕಾರವೇ ಆಗಲಿ ಎಂಬುದು ನನ್ನ ವಿನಂತಿ. ಅಕ್ಕಪಕ್ಕದವರಿಗೆ ಮುಂಚಿತವಾಗಿ ತಿಳಿಸಬೇಕು ಎಂದಿದೆ. ಹಾಗಾಗಿ ಮೇಲಿನ ಎಲ್ಲ ಮಹಡಿಯವರಿಗೂ ತಿಳಿಸಿ, ಆ ಹೊತ್ತಿನಲ್ಲಿ ಅವರವರ ಮನೆಯನ್ನು ಅವರವರೇ ಎತ್ತಿ ಹಿಡಿದುಕೊಂಡಿರಲು ಸೂಚಿಸಬೇಕು. ಐದನೇ ಮಹಡಿಯ ಬಾಣಂತಿಗೆ ವಿನಾಯಿತಿ ಕೊಟ್ಟು, ಅವಳ ಪಾಲನ್ನು ಆರನೇ ಮಹಡಿಯಲ್ಲಿ ದಿನವೂ ಕಬ್ಬಿಣ ಎತ್ತುವ ಪೈಲ್ವಾನರಿಗೆ ವಹಿಸಬಹುದು. ಕಟ್ಟಡ ಕುಸಿಯುವುದೇ ಆದರೆ ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ ಕುಸಿಯದಂತೆ, ಧೂಳೇಳದಂತೆ ನೀರು ಚಿಮುಕಿಸಿಕೊಂಡೇ ಕುಸಿಯುವಂತೆ ನೋಡಿಕೊಳ್ಳಬೇಕು. ಆಮೇಲೆ ನಮ್ಮನ್ನೆಲ್ಲ ಲಿಫ್ಟಿನಲ್ಲಿ ಸಾಗಿಸುವಾಗ ನೆಲಕ್ಕೆ ಗೋಣಿತಟ್ಟು ಹಾಸಲು ಮರೆಯಬಾರದು. ಕಂಬ, ತೊಲೆ ಮುಟ್ಟುವ ಮೊದಲು ಎಂಜಿನಿಯರರ ಒಪ್ಪಿಗೆ ಪತ್ರ ತರಬೇಕು ಎಂಬ ಸಾಲೂ ಅದರಲ್ಲಿದೆ, ಅದರ ಮೇಲೇ ಯಾರೋ ಟೀವಿ ಕಂಪನಿಯ ಜಾಹೀರಾತು ಅಂಟಿಸಿದ್ದಾರೆ.

ತಮಾಷೆ ಸಾಕು ಅಳಿಯಂದಿರೇ. ನನಗೆ ನಿಜವಾಗಿಯೂ ಭಯವಾಗಿದೆ. ನಾನು ಬೀಳುವುದಕ್ಕಲ್ಲ, ವಯಸ್ಸಾಯಿತು, ಎಲ್ಲಾದರೂ ಬೀಳುವವಳೇ. ಆದರೆ ನಾನು ಬಿದ್ದರೆ ನನ್ನ ಮಗಳ ಮೇಲೆ ಬೀಳುತ್ತೇನೆ. ಇದೇ ಮಾತನ್ನು ಇವತ್ತು ಬೆಳಗ್ಗೆ ಅವಳಿಗೂ ಹೇಳಿದೆ. ಅವಳು ಮೇಲೆ ಸೂರನ್ನೊಮ್ಮೆ ನೋಡಿ, ತಮ್ಮ ಮನೆಯ ಬೀಗದ ಕೈಯನ್ನು ನನ್ನ ಕೈಗಿಟ್ಟಳು.

ಹೇಗೂ ನನ್ನ ಮನೆ ತಮ್ಮ ಮನೆಗೆ ಇಳಿಯುವುದೆಂದು ತೀರ್ಮಾನವಾಗಿರುವುದರಿಂದ, ಅದಕ್ಕಿಂತ ಮೊದಲೇ ನಾನು ಮೆಟ್ಟಿಲಿನಿಂದ ಇಳಿದುಬಿಡುವುದು ಮರ್ಯಾದೆ ಎನಿಸಿತು. ಸಂಜೆ ತಾವು ಆಫೀಸಿನಿಂದ ಬಂದು ಲಿಫ್ಟಿಗೆ ಕಾಯುತ್ತ ಇದನ್ನು ಓದುವ ಹೊತ್ತಿಗೆ ನನ್ನ ಹಾಸಿಗೆ, ಮಾತ್ರೆ ಡಬ್ಬಿ, ಹೊಲಿಗೆ ಯಂತ್ರ ಎಲ್ಲವೂ ತಮ್ಮ ಹಾಲ್‌ನಲ್ಲಿರುತ್ತವೆ. ಎಂಜಿನಿಯರರು ಬಂದು ನೋಡಿ, ಕಂಬವನ್ನು ಯಾರೂ ಮುಟ್ಟಕೂಡದೆಂದು ತಾವು ಬರೆದುಕೊಡುವವರೆಗೆ ಇರುತ್ತೇನೆ. ಅವಸರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿನ್ನೆಯವರೆಗೆ ಮೂರನೇ, ಇನ್ನು ಮುಂದೆ ಎರಡನೇ ಮಹಡಿಯ ನಿವಾಸಿ

ವಿ.ಸೂ.: ಫ್ರಿಜ್ಜಿನ ಮೇಲಿದ್ದ ಯಜಮಾನರನ್ನೂ ಕರೆತಂದಿದ್ದೇನೆ. ತಾವು ಜಪ್ತಿ ಮಾಡಿದ ಸುತ್ತಿಗೆ ತಮ್ಮ ಕಪಾಟಿನಲ್ಲೇ ಸಿಕ್ಕಿತು. ಮಗಳು ಸ್ಟೂಲು ಹಿಡಿದುಕೊಂಡಳು, ನಾನು ಕಂಬಕ್ಕೆ ಮೊಳೆ ಹೊಡೆದೆ. ಮಧ್ಯಾಹ್ನಕ್ಕೆ ಮೊದಲೇ, ನಿಯಮದೊಳಗೇ. ಈಗ ಸೋಫಾದ ಎಡತುದಿಯಿಂದ ಟೀವಿ ಅರ್ಧ ಕಾಣುತ್ತದೆ, ತಮ್ಮ ಮಾವನವರು ಪೂರ್ತಿ ಕಾಣುತ್ತಾರೆ. ಕಂಬ ಒಡೆಯಬೇಕೆಂದರೆ ಮೊದಲು ಅವರನ್ನು ಇಳಿಸಬೇಕಾಗುತ್ತದೆ. ಅದಕ್ಕೆ ಬಾಯಿಮಾತು ಸಾಲದು, ಬರೆದು ಕೊಡಿ.