ಕಾಲಿಲ್ಲದ ಐನೂರು ಚಿಪ್‌ಗಳ ವಿಷಯವಾಗಿ ಒಂದು ವಿನಮ್ರ ದೂರು

ಚಿಪ್‌ಗಳಿಗೆ ಹೆಸರಿಡುವ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಹವ್ಯಾಸಿಗಳಿಗಾಗಿ ಎಲೆಕ್ಟ್ರಾನಿಕ್ಸ್ ಕಿಟ್ ತಯಾರಿಸುವ, ಊಟದ ಮೇಜನ್ನೇ ಕಾರ್ಖಾನೆ ಎಂದು ಕರೆದುಕೊಳ್ಳುವ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳನ್ನು ಸ್ವೀಕರಿಸಬೇಕು. ಸಾಷ್ಟಾಂಗವೆಂಬುದು ಬರಿಯ ಉಪಚಾರದ ಮಾತಲ್ಲ. ಕೈಜಾರಿದ ತಮ್ಮ ಚಿಪ್ ಒಂದನ್ನು ಹುಡುಕುತ್ತ ಹೇಗೂ ನೆಲಕ್ಕೆ ಮಲಗಿದ್ದೆ.

ನನ್ನ ಕಿಟ್ ಲೋಕೋದ್ಧಾರದ್ದೇನಲ್ಲ. ಕುಂಡದ ಮಣ್ಣು ಒಣಗಿದರೆ ಕೀ ಎಂದು ಕೂಗುವ ಒಂದು ಪೆಟ್ಟಿಗೆ, ಅಷ್ಟೆ. ಕೊಂಡವರೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಅದರೊಳಗೆ, ಹಲಗೆಯ ತೂತುಗಳಿಗಿಳಿಸಿ ಬೆಸೆಯಲು ಎಂಟು ತಂತಿಗಾಲುಗಳಿದ್ದ ಹಳೆಯ ಮೈಕ್ರೋಕಂಟ್ರೋಲರ್ ಚಿಪ್ ಒಂದು ತುಟಿಪಿಟಕ್ಕೆನ್ನದೆ ದುಡಿಯುತ್ತಿತ್ತು. ಅದು ಎಲ್ಲೂ ಸಿಗದಂತಾಗಿ, ಅಂಗಡಿಯವರೆಲ್ಲ ಮುಂದಿನ ವರ್ಷ ವಿಚಾರಿಸಿ ಎಂದಾಗ, ಬದಲಿಯನ್ನು ಆರಿಸುವ ಭಾರವನ್ನು ನಾನು ಸಂತೋಷದಿಂದಲೇ ತಲೆಗೇರಿಸಿಕೊಂಡೆ. ಚಿಪ್ಪಿನ ಗುಣಾವಗುಣಗಳನ್ನೆಲ್ಲ ತಿಳಿಸುವ ಡೇಟಾಶೀಟುಗಳನ್ನು ತರಿಸಿಕೊಂಡು, ಹನ್ನೊಂದು ಕಾಲಂಗಳ ಪಟ್ಟಿ ಮಾಡಿ, ಮೂರು ವಾರ ಆ ಪಟ್ಟಿಯ ಮುಂದೆಯೇ ಕೂತೆ. ಕೂಗುವುದೊಂದೇ ಕೆಲಸವಾದರೂ, ನಾಳೆ ಗಿಡಕ್ಕೆ ಗಣಿತ ಬೇಕೆನಿಸಿದರೆ ತೊಂದರೆಯಾಗಬಾರದೆಂದು, ಅತ್ಯಂತ ಬುದ್ಧಿವಂತ ಚಿಪ್ಪನ್ನೇ ಹುಡುಕಿದೆ. "ರೀ, ನನ್ನನ್ನ ಒಪ್ಪೋಕೆ ನಿಮಗೆ ಅರ್ಧ ಗಂಟೆ ಸಾಕಾಗಿತ್ತಲ್ಲ?" ಎಂದು ಹೆಂಡತಿ ಕೇಳಿದಳು. ಆಗ ಡೇಟಾಶೀಟ್ ಕೊಟ್ಟಿರಲಿಲ್ಲವಲ್ಲ ಎಂದು ನಾನು ಉತ್ತರಿಸಿದೆ. ಆ ವಾರವೆಲ್ಲ ಸಾರಿಗೆ ಉಪ್ಪು ನಾನೇ ಹಾಕಿಕೊಳ್ಳಬೇಕಾಯಿತು.

ಕೊನೆಗೆ ತಮ್ಮ ಚಿಪ್ ಗೆದ್ದಿತು. ಭಾನುವಾರ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಇಪ್ಪತ್ತನಾಲ್ಕು ಜನರಿಗೆ ಕಿಟ್ ಜೋಡಿಸುವುದನ್ನು ಕಲಿಸುತ್ತೇನೆಂದು ಒಪ್ಪಿಕೊಂಡಿದ್ದೆನಾದ್ದರಿಂದ ಆತುರಾತುರವಾಗಿ ಐನೂರು ತರಿಸಿದೆ. ಬುಧವಾರ ಬಂದ ಪೆಟ್ಟಿಗೆ ಎಷ್ಟು ಹಗುರವಾಗಿತ್ತೆಂದರೆ, ಖಾಲಿ ಕೊಟ್ಟಿದ್ದೀರೆಂದು ಅಂಚೆಯವನ ಮೇಲೆ ರೇಗಿದೆ. ಒಳಗೆ ಸುರುಳಿ ಸುತ್ತಿದ ಪಟ್ಟಿ, ಪಟ್ಟಿಯ ಗುಳಿಗಳಲ್ಲಿ ಕೊತ್ತಂಬರಿ ಕಾಳಿಗಿಂತ ಚಿಕ್ಕ ಕಪ್ಪು ಚೌಕಗಳು. ನಮ್ಮೊಡನೆಯೇ ಇರುವ ನನ್ನ ಮಾವ, ಗಡಿಯಾರ ರಿಪೇರಿಯವರು, ಒಂದನ್ನು ಚಿಮಟದಲ್ಲಿ ಎತ್ತಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಅಳಿಯಂದ್ರೇ, ಇದಕ್ಕೆ ಕಾಲೇ ಇಲ್ವಲ್ಲ!" ಎಂದರು.

ಮಾನ್ಯರೇ, ತಮ್ಮ ವಿಭಾಗದ ಪ್ರತಿಭೆಗೆ ಇಲ್ಲಿ ತಲೆಬಾಗಲೇಬೇಕು. ಹದಿನಾಲ್ಕು ಅಕ್ಷರ ಮತ್ತು ಅಂಕಿಗಳ ಹೆಸರಿನಲ್ಲಿ ಹದಿಮೂರು ನನಗೆ ಬೇಕಾದವೇ ಆಗಿದ್ದವು. ಕೊನೆಯದೊಂದು ಮಾತ್ರ, ಕಾಲಿರುವ ಚಿಪ್ಪೋ ಕಾಲಿಲ್ಲದ್ದೋ ಎಂಬುದನ್ನು ಹೇಳುತ್ತದಂತೆ. ಮುಂದಿನ ಸಲ ಆ ಅಕ್ಷರದ ಬದಲು "ಅಯ್ಯಾ, ಇದು ನಿನ್ನ ಕೈಗೆ ಬಗ್ಗುವುದಲ್ಲ" ಎಂದು ಪೂರ್ತಿ ವಾಕ್ಯವನ್ನೇ ಮುದ್ರಿಸುವಂತೆಯೂ, ಈಗಾಗಲೇ ಹುಟ್ಟಿರುವ ಐನೂರಕ್ಕೆ ತಲಾ ಎಂಟು ಕಾಲು ಮೊಳೆಯುವಂತೆ ಆಜ್ಞೆ ಹೊರಡಿಸುವಂತೆಯೂ ಕೋರುತ್ತೇನೆ. ಈ ಮಾಹಿತಿ ಡೇಟಾಶೀಟಿನ ಎರಡನೆಯ ಪುಟದಲ್ಲಿದೆ ಎಂದು ತಾವು ಹೇಳಬಹುದು. ಇದೆ. ನಾನು ಮೂರನೆಯ ಪುಟದಿಂದ ಶುರುಮಾಡಿ ಆರುನೂರನೆಯದರವರೆಗೆ ಓದಿದ್ದೆ.

ಕಾಲುಗಳಿರುವ ಪುಟ್ಟ ಹಲಗೆಗಳು ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ. ಅವುಗಳ ಮೇಲೆ ಚಿಪ್ಪನ್ನು ಕೂರಿಸಿ ಬೆಸುಗೆ ಹಾಕಿದರೆ ಕೆಲಸ ನಡೆಯುತ್ತದೆ. ಗುರುವಾರ ನಾನೇ ಕೂತೆ. ಮೂರು ಚಿಪ್ ಸುಟ್ಟವು, ಒಂದು ಸೀನಿಗೆ ಹಾರಿತು, ಐದನೆಯದು ನನ್ನ ಹೆಬ್ಬೆರಳಿಗೆ ಭದ್ರವಾಗಿ ಅಂಟಿತು. ಭಾನುವಾರದ್ದನ್ನು ರದ್ದು ಮಾಡಲು ಫೋನ್ ಎತ್ತಿಕೊಂಡಾಗ ಮಾವ, "ಸ್ವಲ್ಪ ಆ ಕಡೆ ಸರೀರಿ" ಎಂದರು.

ಜನ ಫೋನಿನಲ್ಲೇ ಗಂಟೆ ನೋಡಲು ಕಲಿತ ಮೇಲೆ ಅಂಗಡಿ ಮುಚ್ಚಿ, ನಾಲ್ಕು ವರ್ಷದಿಂದ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅಂದು ಮೊದಲನೆಯ ಚಿಪ್ ಕೂರಿಸಲು ಒಂದು ಗಂಟೆ ಹಿಡಿಯಿತು, ಎರಡನೆಯದಕ್ಕೆ ಇಪ್ಪತ್ತು ನಿಮಿಷ. ಶುಕ್ರವಾರ ಮಧ್ಯಾಹ್ನ ಹೆಂಡತಿ ಅಡುಗೆಮನೆಗೆ ಬಂದು, ಒಲೆಯ ಕಡೆ ಮುಖ ಮಾಡಿಕೊಂಡು, "ಊಟಕ್ಕೆ ಕರೆದರೆ ಅಪ್ಪ 'ತಡಿಯಮ್ಮ, ಕೆಲಸ ಇದೆ' ಅಂದ್ರು ಕಣ್ರೀ" ಎಂದಳು. ಬಹಳ ಹೊತ್ತು ನನ್ನ ಕಡೆ ತಿರುಗಲಿಲ್ಲ.

ಭಾನುವಾರ ಇಪ್ಪತ್ತನಾಲ್ಕು ಪೆಟ್ಟಿಗೆಗಳೂ ಕೂಗಿದವು. ಚಿಪ್ ಆಯ್ಕೆಯ ಕುರಿತು ನಾನು ಸಿದ್ಧಪಡಿಸಿದ್ದ ನಲವತ್ತು ನಿಮಿಷದ ಉಪನ್ಯಾಸವನ್ನು ಕೇಳಲು ಮಾತ್ರ ಯಾರೂ ಇರಲಿಲ್ಲ. ಎಲ್ಲರೂ ಮಾವನ ಸುತ್ತ ನಿಂತು, ಚಿಮಟ ಹಿಡಿಯುವುದು ಹೇಗೆಂದು ಕಲಿಯುತ್ತಿದ್ದರು. ನಾನೂ ಹಿಂದಿನ ಸಾಲಿನಲ್ಲಿ ತುದಿಗಾಲ ಮೇಲೆ ನಿಂತು ಕಲಿತೆ.

ಉಳಿದವನ್ನು ವಾಪಸು ತೆಗೆದುಕೊಳ್ಳಬೇಕೆಂದು ಕೋರುವುದೇ ಈ ಪತ್ರದ ಮೂಲ ಉದ್ದೇಶವಾಗಿತ್ತು. ಆದರೆ ಸುರುಳಿ ಈಗ ಮಾವನ ಬೀರುವಿನಲ್ಲಿದೆ, ಕೀಲಿ ಅವರ ಜೇಬಿನಲ್ಲಿದೆ, ಕೇಳುವ ಧೈರ್ಯ ನನಗಿಲ್ಲ. ಆದ್ದರಿಂದ ದೂರನ್ನು ದಯವಿಟ್ಟು ದಾಖಲಿಸಿಕೊಳ್ಳಿ, ಪರಿಹಾರವನ್ನು ಮಾತ್ರ ಕೊಡಬೇಡಿ.

ಒಂದಕ್ಷರದ ಮಟ್ಟಿಗೆ ವಿಶ್ವಾಸ ಕಳೆದುಕೊಂಡಿದ್ದರೂ ಉಳಿದಂತೆ ತಮ್ಮ ವಿಶ್ವಾಸಿ,
ಒಬ್ಬ ಕಿಟ್ ತಯಾರಕ

ಮರೆತ ಮಾತು: ಸುರುಳಿಯಲ್ಲಿ ಒಂದು ಚಿಪ್ ತಲೆಕೆಳಗಾಗಿ ಕೂತಿರುವುದನ್ನು ಮಾವ ಪತ್ತೆಹಚ್ಚಿದ್ದಾರೆ. ತಮ್ಮ ತಪಾಸಣೆಯವರಿಗೆ ಒಂದು ಒಳ್ಳೆಯ ಕನ್ನಡಕ ಕೊಡಿಸಬೇಕೆಂದು ಅವರ ಸಲಹೆ. ಆದರೆ ಪೆಟ್ಟಿಗೆ ಬಂದ ದಿನ ಮಾಲನ್ನೆಲ್ಲ ಪರೀಕ್ಷಿಸಿದ್ದೇನೆ, ಸರಿಯಾಗಿದೆ ಎಂದು ಸಹಿ ಹಾಕಿಕೊಟ್ಟವನು ನಾನೇ ಆದ್ದರಿಂದ, ಎರಡು ಕೊಳ್ಳುವುದಾದರೆ ಒಂದನ್ನು ಈ ವಿಳಾಸಕ್ಕೆ ಕಳಿಸಿಕೊಡಿ.